ಬೀದಿದೀಪವನ್ನು ಖಾಸಗಿಯವರಿಗೆ ಕೊಡುವ ಮುನ್ನ: ಪುರಸಭೆಗೊಂದು ಪಿಪಿಪಿ ಕೈಪಿಡಿ

ಪಿಪಿಪಿ (ಸರ್ಕಾರ ಮತ್ತು ಖಾಸಗಿ ಕಂಪನಿಯ ಪಾಲುದಾರಿಕೆ) ಎಂದ ಕೂಡಲೇ ದೇವನಹಳ್ಳಿಯ ವಿಮಾನ ನಿಲ್ದಾಣ, ಹೆದ್ದಾರಿಯ ಟೋಲ್ ಗೇಟು ಕಣ್ಣಮುಂದೆ ಬರುತ್ತವೆ. ಸಣ್ಣ ಊರಿನ ಪುರಸಭೆಗೆ ಅದು ಬರುವ ವೇಷ ಬೇರೆ. ಒಂದು ಕಂಪನಿಯವರು ಬಂದು, ‘ಹಳೆಯ ದೀಪಗಳನ್ನೆಲ್ಲ ನಮ್ಮ ದುಡ್ಡಲ್ಲೇ ಎಲ್‌ಇಡಿ ಮಾಡಿಕೊಡುತ್ತೇವೆ, ನೀವು ಪೈಸೆ ಹಾಕುವುದು ಬೇಡ, ಕರೆಂಟ್ ಬಿಲ್ಲಿನಲ್ಲಿ ಉಳಿದದ್ದರಲ್ಲಿ ಪಾಲು ಕೊಟ್ಟರೆ ಸಾಕು’ ಎನ್ನುತ್ತಾರೆ. ಮಾತಿನಲ್ಲಿ ಮೋಸವಿಲ್ಲ. ಆದರೆ ಆ ‘ಉಳಿದದ್ದು’ ಎಷ್ಟು ಎಂದು ಯಾರು, ಯಾವುದಕ್ಕೆ ಹೋಲಿಸಿ ಅಳೆಯುತ್ತಾರೆ ಎಂಬುದರ ಮೇಲೆ ಮುಂದಿನ ಏಳೆಂಟು ವರ್ಷದ ಲಾಭ ನಷ್ಟ ನಿಂತಿದೆ. ಮುಖ್ಯಾಧಿಕಾರಿ, ಜೆಇ (ಕಿರಿಯ ಎಂಜಿನಿಯರ್), ಕೌನ್ಸಿಲರ್ ಈ ಮೂವರೂ ಸಾಮಾನ್ಯ ಸಭೆಯಲ್ಲಿ ಠರಾವು ಆಗುವ ಮೊದಲೇ ನೋಡಬೇಕಾದ ಸಂಗತಿಗಳು ಇಲ್ಲಿವೆ.

ಮೊದಲು, ಪಿಪಿಪಿಯೇ ಬೇಕೇ?

ಬರೀ ದೀಪ ಬದಲಾಯಿಸುವುದಷ್ಟೇ ಕೆಲಸವಾದರೆ ಬೇಡ. ಐದು ವರ್ಷದ ವಾರಂಟಿ ಇಟ್ಟು ಖರೀದಿ ಟೆಂಡರ್ ಕರೆದರೆ ಮುಗಿಯಿತು. ದೀಪ ಹಾಕಿದವನೇ 7ರಿಂದ 10 ವರ್ಷ ಅದನ್ನು ಉರಿಸಬೇಕು, ಉರಿಯದ ದಿನ ಅವನಿಗೇ ನಷ್ಟವಾಗಬೇಕು ಎಂಬ ಏರ್ಪಾಡಿದ್ದರೆ ಮಾತ್ರ ಪಿಪಿಪಿಗೆ ಅರ್ಥ. ಹಾಗಾದಾಗ ಅವನು ಅಗ್ಗದ ಡ್ರೈವರ್ (ಎಲ್‌ಇಡಿಗೆ ಕರೆಂಟನ್ನು ಹದಗೊಳಿಸಿ ಕೊಡುವ ಭಾಗ) ಹಾಕುವ ಮುನ್ನ ಎರಡು ಸಲ ಯೋಚಿಸುತ್ತಾನೆ.

ಗಾತ್ರವನ್ನೂ ನೋಡಬೇಕು. ಪಿಪಿಪಿಗಳನ್ನು ಮರುಪರಿಶೀಲಿಸಿದ ವಿಜಯ್ ಕೇಲ್ಕರ್ ಸಮಿತಿ, ತೀರ ಸಣ್ಣ ಯೋಜನೆಗಳಿಗೆ ಈ ದಾರಿ ಬೇಡ, ಖರ್ಚಿಗೆ ತಕ್ಕ ಪ್ರಯೋಜನವಿರುವುದಿಲ್ಲ ಎಂದು 2015ರಲ್ಲೇ ಹೇಳಿತ್ತು. ಸಲಹೆಗಾರರ ಫೀ, ಎಸ್ಕ್ರೋ ಖಾತೆ (ಕಂಪನಿಗೆ ಕೊಡಬೇಕಾದ ಹಣವನ್ನು ಮೀಸಲಿಡುವ ಬ್ಯಾಂಕ್ ಖಾತೆ), ಸ್ವತಂತ್ರ ಎಂಜಿನಿಯರ್ ಇವುಗಳ ಖರ್ಚು ಸಾವಿರ ದೀಪಕ್ಕೂ ಹತ್ತು ಸಾವಿರ ದೀಪಕ್ಕೂ ಹೆಚ್ಚುಕಡಿಮೆ ಒಂದೇ. ಪಟ್ಟಣ ಪಂಚಾಯಿತಿಯಷ್ಟು ಚಿಕ್ಕ ಊರಾದರೆ ಅಕ್ಕಪಕ್ಕದ ನಾಲ್ಕೈದು ಊರು ಸೇರಿ ಒಂದೇ ಪ್ಯಾಕೇಜ್ ಮಾಡಿಕೊಳ್ಳಿ.

ಸರ್ವೆ ಹಗಲು ಮಾಡಬೇಡಿ

ಹಗಲು ಎಣಿಸಿದರೆ ಸಿಗುವುದು ಬ್ರಾಕೆಟ್‌ಗಳ ಲೆಕ್ಕ, ಉರಿಯುವ ದೀಪಗಳದ್ದಲ್ಲ. ಪುರಸಭೆಯ ಜೆಇ, ಎಸ್ಕಾಂನ (ವಿದ್ಯುತ್ ಸರಬರಾಜು ಕಂಪನಿಯ) ಸೆಕ್ಷನ್ ಆಫೀಸರ್ ಇಬ್ಬರೂ ಜೊತೆಯಾಗಿ ರಾತ್ರಿ ಎಂಟರ ನಂತರ ಬೀದಿ ಬೀದಿ ಸುತ್ತಿ ಬರೆದುಕೊಳ್ಳಬೇಕು. ಪ್ರತಿ ಕಂಬಕ್ಕೂ ನಂಬರು, ದೀಪದ ಬಗೆ, ವ್ಯಾಟ್, ಉರಿಯುತ್ತಿದೆಯೋ ಇಲ್ಲವೋ, ಕಂಬದ ಎತ್ತರ, ಮುಂದಿನ ಕಂಬಕ್ಕೆ ಎಷ್ಟು ಮೀಟರ್, ಯಾವ ಆರ್‌ಆರ್ ನಂಬರಿಗೆ (ವಿದ್ಯುತ್ ಸಂಪರ್ಕದ ಗುರುತಿನ ಸಂಖ್ಯೆಗೆ) ಸೇರಿದ್ದು, ಆ ಮೀಟರ್ ಓಡುತ್ತಿದೆಯೇ ಎಂಬುದೆಲ್ಲ ಪಟ್ಟಿಗೆ ಬರಬೇಕು. ಕೊನೆಯಲ್ಲಿ ಇಬ್ಬರೂ ಪ್ರತಿ ಹಾಳೆಗೂ ಸಹಿ ಹಾಕಬೇಕು. ಕಂಪನಿಯ ಕೈಯಲ್ಲಿ ಈ ಸರ್ವೆ ಮಾಡಿಸುವುದು ಬೇಡ. ಪರೀಕ್ಷೆ ಬರೆಯುವವನ ಕೈಗೇ ಪ್ರಶ್ನೆಪತ್ರಿಕೆ ಕೊಟ್ಟಂತಾಗುತ್ತದೆ.

ಸರ್ವೆಗೂ ಮುಂಚೆ ಟೈಮರ್ ಸ್ವಿಚ್‌ಗಳನ್ನು ರಿಪೇರಿ ಮಾಡಿಸಿ. ಬೆಳಗ್ಗೆ ಎಂಟಕ್ಕೂ ದೀಪ ಉರಿಯುತ್ತಿರುವ ಬೀದಿ ಪ್ರತಿ ಊರಲ್ಲೂ ಇದೆ. ಅದನ್ನು ಹಾಗೇ ಬಿಟ್ಟು ಬೇಸ್‌ಲೈನ್ (ಉಳಿತಾಯ ಅಳೆಯಲು ಹೋಲಿಸುವ ಈಗಿನ ಬಳಕೆ) ಕಟ್ಟಿದರೆ, ಒಂದು ಟೈಮರ್ ಹಾಕಿ ಆಗುವ ಉಳಿತಾಯಕ್ಕೂ ಕಂಪನಿಗೆ ವರ್ಷಗಟ್ಟಲೆ ಪಾಲು ಕೊಡಬೇಕಾಗುತ್ತದೆ.

ಬೇಸ್‌ಲೈನ್: ಇಲ್ಲೇ ಕೈ ಸುಟ್ಟುಕೊಳ್ಳುವುದು

ಒಂದು ಲೆಕ್ಕ ಹಾಕೋಣ. ಊರಿನಲ್ಲಿ 4,000 ದೀಪ ಇವೆ ಎನ್ನಿ. 2,400 ಟ್ಯೂಬ್‌ಲೈಟ್ (ಚೋಕ್ ಸೇರಿ ತಲಾ 50 ವ್ಯಾಟ್), 1,200 ಸೋಡಿಯಂ ದೀಪ 150 ವ್ಯಾಟಿನವು (ಚೋಕ್ ಸೇರಿ 170), 400 ಸೋಡಿಯಂ ದೀಪ 250 ವ್ಯಾಟಿನವು (ಚೋಕ್ ಸೇರಿ 280). ಒಟ್ಟು 436 ಕಿಲೋವ್ಯಾಟ್. ದಿನಕ್ಕೆ 11 ಗಂಟೆಯಂತೆ ವರ್ಷಕ್ಕೆ 4,015 ಗಂಟೆ, ಅಂದರೆ ಸುಮಾರು 17.5 ಲಕ್ಷ ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಎಂದಿಟ್ಟುಕೊಂಡರೆ 1.22 ಕೋಟಿ ರೂಪಾಯಿ.

ಇವುಗಳ ಜಾಗಕ್ಕೆ 20, 70 ಮತ್ತು 120 ವ್ಯಾಟಿನ ಎಲ್‌ಇಡಿ ಬಂದರೆ ಲೋಡ್ 180 ಕಿಲೋವ್ಯಾಟಿಗೆ ಇಳಿಯುತ್ತದೆ, ಬಿಲ್ಲು ಸುಮಾರು 50.6 ಲಕ್ಷಕ್ಕೆ. ಉಳಿತಾಯ 72 ಲಕ್ಷ. ಕಂಪನಿಯ ಪವರ್‌ಪಾಯಿಂಟ್‌ನಲ್ಲಿ ಬರುವುದು ಈ ಅಂಕಿಯೇ.

ಈಗ ರಾತ್ರಿ ಸರ್ವೆಯ ಹಾಳೆ ತೆಗೆಯಿರಿ. ಐದರಲ್ಲೊಂದು ದೀಪ, ಅಂದರೆ 800, ಉರಿಯುತ್ತಲೇ ಇಲ್ಲ ಎಂದಾದರೆ ನೀವು ಈಗ ನಿಜವಾಗಿ ಕಟ್ಟುತ್ತಿರುವ ಬಿಲ್ಲು ಸುಮಾರು 98 ಲಕ್ಷ ಮಾತ್ರ. ಎಲ್‌ಇಡಿ ಹಾಕಿದ ಮೇಲೆ 4,000 ದೀಪವೂ ಉರಿಯುವುದರಿಂದ ಬಿಲ್ಲಿನಲ್ಲಿ ಕಾಣುವ ಇಳಿಕೆ 47.4 ಲಕ್ಷ. ಒಪ್ಪಂದದಲ್ಲಿ ‘ಸಂಪರ್ಕಿತ ಲೋಡಿನ ಆಧಾರದ ಮೇಲೆ ಉಳಿತಾಯದ ಶೇ 80’ ಎಂದು ಬರೆದಿದ್ದರೆ, ಅಂದರೆ ಉರಿಯದ ದೀಪವನ್ನೂ ಲೆಕ್ಕಕ್ಕೆ ಹಿಡಿದರೆ, ಕಂಪನಿಗೆ ಕೊಡಬೇಕಾದದ್ದು 57.6 ಲಕ್ಷ. ಈಗ ಬಲ್ಬು, ಚೋಕು, ಗುತ್ತಿಗೆಗೆ ಹೋಗುತ್ತಿರುವ 6 ಲಕ್ಷವೂ ಉಳಿಯಿತೆಂದು ಸೇರಿಸಿಕೊಂಡರೂ ನಿಮ್ಮ ಕೈಗೆ ಬಂದದ್ದು 53.4 ಲಕ್ಷ. ‘ಪೈಸೆ ಹಾಕುವುದು ಬೇಡ’ ಎಂದ ಯೋಜನೆಗೆ ವರ್ಷಕ್ಕೆ ನಾಲ್ಕು ಲಕ್ಷಕ್ಕೂ ಮೇಲೆ ಜೇಬಿನಿಂದ ಹೋಗುತ್ತದೆ.

ಕತ್ತಲಲ್ಲಿದ್ದ 800 ಕಂಬ ಬೆಳಗಿದ್ದು ಊರಿಗೆ ಲಾಭವೇ, ಅನುಮಾನ ಬೇಡ. ಆದರೆ ಅದು ಹೊಸ ಸೇವೆ, ಉಳಿತಾಯವಲ್ಲ. ಸೇವೆಗೆ ಸೇವೆಯ ದರ ಕಟ್ಟಿ.

ಮೀಟರ್ ಇಲ್ಲದ ಕಡೆ ಇನ್ನೊಂದು ತೊಡಕು. ಅಲ್ಲಿ ಎಸ್ಕಾಂ ಲೋಡಿನ ಅಂದಾಜಿನ ಮೇಲೆ ಬಿಲ್ ಮಾಡುತ್ತದೆ, ದೀಪ ಬದಲಾದರೂ ಬಿಲ್ಲು ಅಲ್ಲಾಡುವುದಿಲ್ಲ. ಆದ್ದರಿಂದ ಮೊದಲು ಎಲ್ಲ ಕಡೆ ಮೀಟರ್. ಕೆಲಸ ಮುಗಿದ ತಿಂಗಳೇ ಮಂಜೂರಾದ ಲೋಡ್ ಇಳಿಸಲು ಅರ್ಜಿ ಹಾಕಬೇಕು. ಇದನ್ನು ಮರೆತರೆ ಯೂನಿಟ್ ಅರ್ಧಕ್ಕಿಳಿದರೂ ನಿಗದಿತ ಶುಲ್ಕ ಹಳೆಯ ಲೋಡಿಗೇ ಬರುತ್ತಿರುತ್ತದೆ.

ಕಂಬ ಯಾರದು?

ಹೆಚ್ಚಿನ ಕಡೆ ದೀಪ ಪುರಸಭೆಯದು, ಕಂಬ ಮತ್ತು ತಂತಿ ಎಸ್ಕಾಂನದು. ಲೈನ್ ಕ್ಲಿಯರ್ (ತಂತಿಯ ಕರೆಂಟ್ ತೆಗೆದು ಕೆಲಸಕ್ಕೆ ಕೊಡುವ ಅನುಮತಿ), ಅಂದರೆ ಲೈನ್‌ಮ್ಯಾನ್‌ಗಳ ಬಾಯಲ್ಲಿ ‘ಎಲ್‌ಸಿ’, ಸಿಗದೆ ಕಂಪನಿಯ ಹುಡುಗರು ಕಂಬ ಹತ್ತುವಂತಿಲ್ಲ, ಹತ್ತಲೂಬಾರದು. ಇಬ್ಬರೇ ಸಹಿ ಹಾಕಿದ ಒಪ್ಪಂದದಲ್ಲಿ ‘48 ಗಂಟೆಯೊಳಗೆ ದುರಸ್ತಿ’ ಎಂದು ಬರೆದಿದ್ದರೆ ಕಂಪನಿಯವರು ‘ಎಲ್‌ಸಿ ಸಿಗಲಿಲ್ಲ’ ಎನ್ನುತ್ತಾರೆ, ಎಸ್ಕಾಂನವರು ‘ನಮಗೂ ಅದಕ್ಕೂ ಸಂಬಂಧವಿಲ್ಲ’ ಎನ್ನುತ್ತಾರೆ, ದಂಡ ಯಾರ ಮೇಲೂ ಬೀಳುವುದಿಲ್ಲ. ಹಾಗಾಗಿ ಒಪ್ಪಂದ ತ್ರಿಪಕ್ಷೀಯವಾಗಿರಲಿ: ವಾರದ ಯಾವ ದಿನ, ಯಾವ ಹೊತ್ತಿಗೆ ಎಲ್‌ಸಿ ಎಂಬ ವೇಳಾಪಟ್ಟಿ ಅನುಬಂಧದಲ್ಲಿರಬೇಕು.

ಉಳಿದ ಅಪಾಯಗಳನ್ನೂ ಹೀಗೇ ಹಂಚಿಕೊಳ್ಳಿ. ಯಾರ ಕೈಯಲ್ಲಿ ಹಿಡಿತವಿದೆಯೋ ಅವರ ತಲೆಗೆ ಆ ಅಪಾಯ. ಡ್ರೈವರ್ ಸುಟ್ಟರೆ ಕಂಪನಿ. ಸಿಡಿಲು, ವೋಲ್ಟೇಜ್ ಏರುಪೇರು ಕೂಡ ಕಂಪನಿಗೇ, ಏಕೆಂದರೆ 10 ಕೆವಿ ಸರ್ಜ್ (ದಿಢೀರ್ ವೋಲ್ಟೇಜ್ ಏರಿಕೆ) ರಕ್ಷಣೆ ಇರುವ ದೀಪ ಹಾಕುವುದು ಬಿಡುವುದು ಅವರಿಗೆ ಬಿಟ್ಟದ್ದು. ಲಾರಿ ಗುದ್ದಿ ಕಂಬ ಬಿದ್ದರೆ ವಿಮೆ. ವಿದ್ಯುತ್ ದರ ಏರಿದರೆ ಅದು ಪುರಸಭೆಯ ಪಾಲು. ಕೆಲವು ಕರಡುಗಳಲ್ಲಿ ದರ ಏರಿದಂತೆ ಕಂಪನಿಯ ಪಾಲೂ ತಾನಾಗಿ ಏರುವ ಸೂತ್ರ ಇರುತ್ತದೆ. ಅದನ್ನು ತೆಗೆಸಿ, ಮೊದಲ ವರ್ಷದ ದರಕ್ಕೇ ಕಟ್ಟಿಹಾಕಿ.

ನೀವು ಕೊಡುವ ಮಾತುಗಳನ್ನೂ ಎಚ್ಚರದಿಂದ ಓದಿ. ಬೆಂಗಳೂರು ವಿಮಾನ ನಿಲ್ದಾಣದ 2004ರ ಒಪ್ಪಂದದಲ್ಲಿ, ನಿಲ್ದಾಣ ಶುರುವಾದ ದಿನದಿಂದ 25 ವರ್ಷ 150 ಕಿಲೋಮೀಟರ್ ಒಳಗೆ ಮೈಸೂರು, ಹಾಸನ ಬಿಟ್ಟು ಬೇರೆ ಹೊಸ ವಿಮಾನ ನಿಲ್ದಾಣ ಬಾರದು ಎಂಬ ಷರತ್ತಿದೆ. ನಿಲ್ದಾಣ ತೆರೆದದ್ದು 2008ರ ಮೇ 24ಕ್ಕೆ. ಎರಡನೇ ನಿಲ್ದಾಣದ ಮಾತು ಎತ್ತಿದಾಗಲೆಲ್ಲ 2033 ಎಂಬ ಇಸವಿ ಬರುವುದು ಇದರಿಂದಲೇ. ಹೂಡಿಕೆದಾರನಿಗೆ ಅಂಥ ಭರವಸೆ ಬೇಕಿತ್ತು, ಸರ್ಕಾರ ತಿಳಿದೇ ಕೊಟ್ಟಿತು. ನಿಮ್ಮ ಒಪ್ಪಂದದಲ್ಲಿ ‘ಪುರಸಭಾ ವ್ಯಾಪ್ತಿಯಲ್ಲಿ ಬೇರೆ ಯಾರೂ ದೀಪ ಹಾಕುವಂತಿಲ್ಲ’ ಎಂಬ ಸಾಲು ಇದ್ದರೆ, ಮುಂದೆ ಶಾಸಕರ ನಿಧಿಯಿಂದ ಹೈಮಾಸ್ಟ್ ದೀಪ ನಿಲ್ಲಿಸುವುದೂ ಒಪ್ಪಂದಭಂಗವೇ. ತಿಳಿದು ಕೊಡುವುದಾದರೆ ಕೊಡಿ.

ಟೆಂಡರ್

ಕಂಪನಿಯೇ ಪ್ರಸ್ತಾವ ತಂದಿತೆಂದು ನೇರವಾಗಿ ಅದಕ್ಕೇ ಕೊಡಲು ಬರುವುದಿಲ್ಲ. ಸರ್ಕಾರಿ ಖರೀದಿಗಳ 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರ ಟೆಂಡರ್ ಆಗಲೇಬೇಕು, ಟೆಂಡರ್ ಇಲ್ಲದೆ ಕೊಡುವ 4(ಜಿ) ವಿನಾಯಿತಿಯ ಓಡಾಟಕ್ಕೆ ಇಳಿಯಬೇಡಿ. ಟೆಂಡರ್ ಹೋಗುವುದು ಕೆಪಿಪಿಪಿ ಪೋರ್ಟಲಿಗೆ. (ಅದರ ಹೆಸರಿನ ಪಿಪಿಪಿಗೂ ಈ ಪಿಪಿಪಿಗೂ ನೆಂಟಸ್ತಿಕೆ ಇಲ್ಲ, ಅಲ್ಲಿಯದು ಸಾರ್ವಜನಿಕ ಖರೀದಿ ಪೋರ್ಟಲ್.)

ಸ್ಪರ್ಧೆ ಒಂದೇ ಅಂಕಿಯ ಮೇಲೆ ನಡೆಯಲಿ: ಒಂದು ದೀಪಕ್ಕೆ ತಿಂಗಳಿಗೆ ಎಷ್ಟು ರೂಪಾಯಿ. ‘ಉಳಿತಾಯದಲ್ಲಿ ಎಷ್ಟು ಪಾಲು’ ಎಂದು ಕೇಳಿದರೆ ಕಂಪನಿಗೆ ವ್ಯಾಟ್ ಕಡಿಮೆ ಮಾಡುವ ಆಸೆ ಹುಟ್ಟುತ್ತದೆ. 70 ವ್ಯಾಟ್ ಬೇಕಾದ ಕಡೆ 45 ವ್ಯಾಟ್ ಬರುತ್ತದೆ, ಕಂಬದ ಕೆಳಗೆ ಬೆಳಕು, ಎರಡು ಕಂಬದ ನಡುವೆ ಕತ್ತಲು. ಇದಕ್ಕೆ ಬೀದಿದೀಪದ ಭಾರತೀಯ ಮಾನದಂಡವಾದ ‘ಐಎಸ್ 1944’ ಹೇಳುವ ಲಕ್ಸ್ (ಬೆಳಕಿನ ಅಳತೆ) ಮಟ್ಟವನ್ನೇ ಷರತ್ತಾಗಿಸಿ. ಮುಖ್ಯ ರಸ್ತೆಗೆ ಅದರ ದರ್ಜೆಯಂತೆ ಸರಾಸರಿ 30 ಅಥವಾ 15, ಒಳರಸ್ತೆಗಳಿಗೆ 8 ಅಥವಾ 4 ಲಕ್ಸ್. ಆಯ್ಕೆಯಾದ ಮೇಲೆ ಮೊದಲು ಒಂದು ಬೀದಿಯ ಹತ್ತು ಕಂಬಕ್ಕಷ್ಟೇ ದೀಪ ಹಾಕಿಸಿ, ಕಂಬಗಳ ನಡುವೆ ಲಕ್ಸ್ ಮೀಟರ್ ಹಿಡಿದು ನೋಡಿ, ಆಮೇಲೆ ಉಳಿದದ್ದಕ್ಕೆ ಒಪ್ಪಿಗೆ ಕೊಡಿ. ಮೊಬೈಲ್ ಆ್ಯಪ್‌ನ ಲಕ್ಸ್ ನಂಬುವಂಥದ್ದಲ್ಲ.

ಬಿಡ್ ತೆರೆಯುವ ಮುನ್ನ ನಿಮ್ಮ ಮೇಲ್ಮಿತಿ ಬರೆದು ಲಕೋಟೆಯಲ್ಲಿಡಿ. ಮೇಲಿನ ಊರಿನ ಲೆಕ್ಕದಲ್ಲಿ 53.4 ಲಕ್ಷವನ್ನು 4,000 ದೀಪ, 12 ತಿಂಗಳಿಗೆ ಭಾಗಿಸಿದರೆ ದೀಪವೊಂದಕ್ಕೆ ತಿಂಗಳಿಗೆ ಸುಮಾರು 111 ರೂಪಾಯಿ. ಅದಕ್ಕಿಂತ ಮೇಲೆ ಬಂದದ್ದನ್ನು ಒಪ್ಪುವುದಾದರೆ, ಆ ಹೆಚ್ಚುವರಿ ಹಣ ಹೊಸದಾಗಿ ಬೆಳಗುವ 800 ಕಂಬಕ್ಕೆ ಎಂದು ನಡಾವಳಿಯಲ್ಲಿ ಬಿಡಿಸಿ ಬರೆಯಿರಿ.

ಶೇ 98 ಎಂಬ ಮರೆ

ಹಲವು ಒಪ್ಪಂದಗಳಲ್ಲಿ ‘ತಿಂಗಳಿಗೆ ಶೇ 98 ದೀಪಗಳು ಉರಿಯಬೇಕು’ ಎಂದಿರುತ್ತದೆ. ಕೇಳಲು ಚೆನ್ನಾಗಿದೆ. 4,000ದಲ್ಲಿ ಶೇ 2 ಎಂದರೆ 80 ದೀಪ. ಒಂದೇ ವಾರ್ಡಿನ 80 ಕಂಬ ಇಡೀ ತಿಂಗಳು ಕತ್ತಲಲ್ಲಿದ್ದರೂ ದಂಡವಿಲ್ಲ! ಆದ್ದರಿಂದ ಇನ್ನೆರಡು ಸಾಲು ಸೇರಿಸಿ: ಯಾವ ದೀಪವೂ ಸತತ ಮೂರು ರಾತ್ರಿಗಿಂತ ಹೆಚ್ಚು ಆರಿರಬಾರದು, ಸಾಲಾಗಿ ಮೂರು ಕಂಬ ಆರಿದ್ದರೆ ಮರುದಿನವೇ ದುರಸ್ತಿ.

ಅಳೆಯುವುದು ಯಾರು? ಸಿಸಿಎಂಎಸ್ ಪ್ಯಾನೆಲ್ (ದೀಪಗಳನ್ನು ಒಂದೇ ಕಡೆಯಿಂದ ನಿಯಂತ್ರಿಸಿ ನಿಗಾ ಇಡುವ ಪೆಟ್ಟಿಗೆ) ಇದೆ, ಎಲ್ಲ ಕಂಪ್ಯೂಟರಿನಲ್ಲಿ ಕಾಣುತ್ತದೆ ಎಂಬುದು ಸಿದ್ಧ ಉತ್ತರ. ಸಾಮಾನ್ಯವಾಗಿ ಆ ಪ್ಯಾನೆಲ್ ನೋಡುವುದು ಇಡೀ ಸರ್ಕ್ಯೂಟಿನ ಕರೆಂಟನ್ನು, ಒಂದೊಂದು ದೀಪವನ್ನಲ್ಲ. 20 ವ್ಯಾಟಿನ 50 ದೀಪಗಳ ಸಾಲಿನಲ್ಲಿ ಒಂದು ಹೋದರೆ ವ್ಯತ್ಯಾಸ ಶೇ 2. ವೋಲ್ಟೇಜ್ ಏರಿಳಿತದಲ್ಲಿ ಅದು ಎದ್ದು ಕಾಣುವುದಿಲ್ಲ. ಪ್ಯಾನೆಲ್ಲಿನ ಲಾಗಿನ್ ಪುರಸಭೆಗೂ ಇರಲಿ, ಜೊತೆಗೆ ಪ್ರತಿ ತಿಂಗಳು ಶೇ 2ರಷ್ಟು ಕಂಬಗಳನ್ನು ಚೀಟಿ ಎತ್ತಿ ಆರಿಸಿ, ಜೆಇ ರಾತ್ರಿ ಹೋಗಿ ನೋಡಿ ಬರಲಿ. ಆ ವರದಿ ಇಲ್ಲದೆ ಬಿಲ್ ಪಾಸಾಗಬಾರದು.

ದುಡ್ಡು ನಿಂತರೆ ದೀಪ ನಿಲ್ಲುತ್ತದೆ

ತಪ್ಪೆಲ್ಲ ಕಂಪನಿಗಳದ್ದೇ ಅಲ್ಲ. ಎಂಟು ತಿಂಗಳು ಬಿಲ್ ಕೊಡದ ಪುರಸಭೆಗೆ ದಂಡ ಹಾಕುವ ನೈತಿಕ ಹಕ್ಕೂ ಇರುವುದಿಲ್ಲ. ಹೆದ್ದಾರಿಗಳಲ್ಲಿ ಟೋಲ್ ನೆಚ್ಚಿಕೊಂಡ ಯೋಜನೆಗಳು ಸೊರಗಿದ ಮೇಲೆ 2016ರಲ್ಲಿ ಹೈಬ್ರಿಡ್ ಆನ್ಯುಟಿ ಮಾದರಿ ಬಂತು. ಅದರಲ್ಲಿ ವೆಚ್ಚದ ಶೇ 40ನ್ನು ಕಟ್ಟುವಾಗಲೇ ಸರ್ಕಾರ ಕೊಡುತ್ತದೆ, ಉಳಿದ ಶೇ 60 ಸಾಮಾನ್ಯವಾಗಿ 15 ವರ್ಷ ಕಂತುಗಳಲ್ಲಿ. ಕಂತು ಖಾತ್ರಿ ಎಂದಾದರೆ ಬ್ಯಾಂಕು ಕಡಿಮೆ ಬಡ್ಡಿಗೆ ಸಾಲ ಕೊಡುತ್ತದೆ, ಬಿಡ್ ಇಳಿಯುತ್ತದೆ. ಬೀದಿದೀಪಕ್ಕೂ ಇದೇ ಮಾತು. ಎಸ್ಕ್ರೋ ಖಾತೆ ತೆರೆದು ಮೂರು ತಿಂಗಳ ಮೊತ್ತ ಮುಂಗಡವಾಗಿ ಇಡಿ.

ಇಲ್ಲೊಂದು ಗಂಟಿದೆ, ಬಹಳ ಊರುಗಳಲ್ಲಿ ಸಹಿಯಾದ ಮೇಲೆ ಗೊತ್ತಾಗುವಂಥದ್ದು. ನಿಮ್ಮ ಕರೆಂಟ್ ಬಿಲ್ಲು ಎಸ್‌ಎಫ್‌ಸಿಯ (ರಾಜ್ಯ ಹಣಕಾಸು ಆಯೋಗದ) ವಿದ್ಯುತ್ ಅನುದಾನದಿಂದ ಹೋಗುತ್ತಿದ್ದರೆ, ಬಿಲ್ಲು ಇಳಿದಾಗ ಉಳಿಯುವುದು ಆ ಶೀರ್ಷಿಕೆಯ ಹಣ. ಅದನ್ನು ಕಂಪನಿಗೆ ಕೊಡಲು ಅನುಮತಿ ಇಲ್ಲದಿದ್ದರೆ ಕಾಗದದಲ್ಲಿ ಉಳಿತಾಯ, ಕಂತು ಮಾತ್ರ ಮನೆ ತೆರಿಗೆಯಿಂದ. ಪೌರಾಡಳಿತ ನಿರ್ದೇಶನಾಲಯದಿಂದ ಲಿಖಿತ ಅನುಮತಿ ಪಡೆದೇ ಟೆಂಡರ್ ಕರೆಯಿರಿ.

ಹಳೆಯ ಸಾಮಾನು, ಕೊನೆಯ ವರ್ಷ

ಬಿಚ್ಚಿದ ಸೋಡಿಯಂ ಫಿಟಿಂಗು, ಚೋಕಿನೊಳಗಿನ ತಾಮ್ರ ಪುರಸಭೆಯ ಆಸ್ತಿ. ದಿನದ ಲೆಕ್ಕದಲ್ಲಿ ಎಣಿಸಿ ಸ್ಟೋರಿಗೆ ಸೇರಿಸಿ, ಸಹಿ ಮಾಡಿಸಿ, ಹರಾಜು ಹಾಕಿ. ಟ್ಯೂಬ್‌ಲೈಟುಗಳಲ್ಲಿ ಪಾದರಸವಿದೆ, ಅವನ್ನು ಕಸದ ಗಾಡಿಗೆ ಹಾಕುವಂತಿಲ್ಲ. ಒಡೆಯದಂತೆ ಪೆಟ್ಟಿಗೆಗೆ ತುಂಬಿ ಅಧಿಕೃತ ಮರುಬಳಕೆದಾರರಿಗೆ ಕಳಿಸುವ ಖರ್ಚು ಕಂಪನಿಯದು ಎಂದು ಮೊದಲೇ ಬರೆಯಿರಿ.

ಒಪ್ಪಂದದ ಕೊನೆಯ ವರ್ಷ ಕಂಪನಿಗೆ ದೀಪದ ಮೇಲೆ ಮಮತೆ ಕಡಿಮೆಯಾಗುತ್ತದೆ. ಮುಗಿಯಲು 12 ತಿಂಗಳಿರುವಾಗ ಜಂಟಿ ತಪಾಸಣೆ ಮಾಡಿ, ಸೊರಗಿದ ದೀಪಗಳ ಪಟ್ಟಿ ಕೊಡಿ. ಅವು ಬದಲಾಗುವವರೆಗೆ ಬ್ಯಾಂಕ್ ಗ್ಯಾರಂಟಿ ಬಿಡಬೇಡಿ, ಅದರ ಅವಧಿ ಒಪ್ಪಂದ ಮುಗಿದ ಮೇಲೂ ಆರು ತಿಂಗಳು ಇರುವಂತೆ ಸಹಿ ಹಾಕುವಾಗಲೇ ನೋಡಿಕೊಳ್ಳಿ. ಹಿಂದಿರುಗಿಸುವ ದಿನ ಕೈಗೆ ಬರಬೇಕಾದದ್ದು ಶೇ 5ರಷ್ಟು ಬಿಡಿ ದೀಪ ಮತ್ತು ಡ್ರೈವರ್, ಕಂಬವಾರು ಪಟ್ಟಿಯ ಕಂಪ್ಯೂಟರ್ ಪ್ರತಿ, ಎಲ್ಲ ಪ್ಯಾನೆಲ್‌ಗಳ ಬೀಗದ ಕೈ, ಅವುಗಳೊಳಗಿನ ಸಿಮ್‌ಗಳು ಪುರಸಭೆಯ ಹೆಸರಿಗೆ ಬದಲಾದ ದಾಖಲೆ, ಸಾಫ್ಟ್‌ವೇರಿನ ಅಡ್ಮಿನ್ ಪಾಸ್‌ವರ್ಡ್. ಆ ಪಾಸ್‌ವರ್ಡ್ ಹಾಕಿ ಅವರ ಎದುರಿಗೇ ಒಂದು ಬೀದಿಯ ದೀಪ ಆರಿಸಿ, ಹಚ್ಚಿ ನೋಡಿದ ಮೇಲೆ ಸ್ವೀಕೃತಿ ಪತ್ರಕ್ಕೆ ಸಹಿ ಹಾಕಿ.