ಲಿಡ್ಲ್‌ನಲ್ಲಿ ಉಳಿ ಖರೀದಿಸುವವರಿಗೆ

ಜರ್ಮನಿಗೆ ಬಂದು ಹೊಸದಾಗಿ ಮರಗೆಲಸ ಶುರು ಮಾಡಿದವರಿಗೆ ಒಂದು ಮಾತು. ಲಿಡ್ಲ್ ಸೂಪರ್‌ಮಾರ್ಕೆಟ್‌ಗೆ ಹಾಲು, ತರಕಾರಿಗೆ ಹೋದಾಗ ನಡುವಿನ ಸಾಲನ್ನೂ ನೋಡಿ. ಅವರದೇ ಪಾರ್ಕ್‌ಸೈಡ್ ಬ್ರ್ಯಾಂಡಿನ ಉಪಕರಣಗಳ ಸಾಮಾನು ಆಗಾಗ ಬರುತ್ತದೆ, ಬೇಗ ಖಾಲಿಯಾಗುತ್ತದೆ. ಮರದ ತುಂಡುಗಳನ್ನು ಬಿಗಿಹಿಡಿಯುವ ಕ್ಲ್ಯಾಂಪ್ ಕಂಡರೆ ತಗೊಂಡುಬಿಡಿ, ಅದು ಎಷ್ಟಿದ್ದರೂ ಸಾಲದು ಅಲ್ವಾ! ಉಳಿಯನ್ನು ಮಾತ್ರ ತಂದ ಹಾಗೇ ಬಳಸಬೇಡಿ. ಯಾವ ಕಂಪನಿಯದೇ ಇರಲಿ, ಅಗ್ಗದ ಉಳಿಯ ಬೆನ್ನು, ಅಂದರೆ ಓರೆಯಿಲ್ಲದ ಬದಿ, ಸಮತಟ್ಟಾಗಿರುವುದು ಅಪರೂಪ. ದಪ್ಪ ಗಾಜಿನ ಮೇಲೆ ಉಪ್ಪುಕಾಗದ ಅಂಟಿಸಿ, ತುದಿಯ 2 ಸೆಂ.ಮೀ. ಕನ್ನಡಿ ಹಾಗೆ ಹೊಳೆಯುವ ತನಕ ಉಜ್ಜಿ. ಆಮೇಲೆ 25ರಿಂದ 30 ಡಿಗ್ರಿ ಓರೆಯಲ್ಲಿ ಮಸೆಯಿರಿ. ಮುಂಗೈ ಕೂದಲು ಬೋಳಿಸಿದರೆ ಹದ ಬಂತು. ಬ್ಯಾಟರಿ ಡ್ರಿಲ್ ಕೊಂಡರೆ ರಸೀದಿಯ ಫೋಟೊ ತೆಗೆದಿಡಿ. 3 ವರ್ಷದ ಗ್ಯಾರಂಟಿಗೆ ಅದೇ ಬೇಕು, ಆ ಕಾಗದದ ಅಕ್ಷರವೋ ಬೇಗ ಮಾಸಿಹೋಗುತ್ತದೆ.