ದೊಡ್ಡ ಕಟ್ಟಡದಲ್ಲಿ ನೀರು ಉಳಿಸುವುದು ಹೇಗೆ: ಮೊದಲು ಮೀಟರ್, ಆಮೇಲೆ ನಲ್ಲಿ

ಆಫೀಸು, ಮಾಲ್, ಹೋಟೆಲ್, ಆಸ್ಪತ್ರೆ, ಯಾವುದೇ ಇರಲಿ, ನೀರು ಉಳಿಸಬೇಕು ಅಂದ ತಕ್ಷಣ ಎಲ್ಲರ ಕೈ ಹೋಗುವುದು ನಲ್ಲಿಗೆ. ನಲ್ಲಿ ಬದಲಿಸುವುದು ತಪ್ಪಲ್ಲ, ಆದರೆ ಅದು ಮೊದಲ ಕೆಲಸ ಅಲ್ಲ. ನೀರು ಎಲ್ಲಿಗೆ ಹೋಗುತ್ತಿದೆ ಅಂತ ಮೊದಲು ಗೊತ್ತಾಗಬೇಕು.

ನಾನು ನೋಡಿಕೊಳ್ಳುತ್ತಿದ್ದ ಒಂದು ಕಟ್ಟಡದಲ್ಲಿ ಅಷ್ಟೂ ನಲ್ಲಿಗಳಿಗೆ ಹೊಸ ಏರೇಟರ್ (ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ, ನಲ್ಲಿ ಬಾಯಿಯ ಜಾಲರಿ) ಹಾಕಿಸಿದೆವು. ಮುಂದಿನ ತಿಂಗಳು ಮೀಟರ್ ನೋಡಿದರೆ ಹೆಚ್ಚುಕಡಿಮೆ ಹಳೇ ಲೆಕ್ಕವೇ. ಕಾರಣ ಸಿಕ್ಕಿದ್ದು ತಾರಸಿ ಮೇಲೆ. ಅಲ್ಲಿ ಕೂಲಿಂಗ್ ಟವರ್ ಇತ್ತು, ಅಂದರೆ ಕಟ್ಟಡದ ದೊಡ್ಡ ಏಸಿಯ ಬಿಸಿ ನೀರನ್ನು ಗಾಳಿಗೊಡ್ಡಿ ತಣಿಸುವ ಯಂತ್ರ. ಅದರ ತೊಟ್ಟಿಯಲ್ಲಿ ಫ್ಲೋಟ್ (ನೀರು ತುಂಬಿದಾಗ ಒಳಹರಿವು ನಿಲ್ಲಿಸುವ ತೇಲುಗುಂಡು) ಸ್ವಲ್ಪ ಎತ್ತರದಲ್ಲಿ ಕೂತಿತ್ತು. ನೀರು ಓವರ್‌ಫ್ಲೋ ಪೈಪಿನ ಬಾಯಿಯನ್ನು ಒಂದು ಬೆರಳಿನಷ್ಟು ದಾಟಿ, ಸದ್ದೇ ಇಲ್ಲದೆ, ಹಗಲೂ ರಾತ್ರಿ ಚರಂಡಿಗೆ ಇಳಿಯುತ್ತಿತ್ತು. ಪೈಪು ನೇರ ಚರಂಡಿಗೆ ಸೇರಿದ್ದರಿಂದ ನೆಲ ಒಣಗಿಯೇ ಇತ್ತು, ಹಾಗಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಫ್ಲೋಟನ್ನು ಕೆಳಗಿಳಿಸಿ ಸ್ಕ್ರೂ ಬಿಗಿ ಮಾಡಿದ ಮೇಲೆ ನಿಂತಿತು. ಐದು ನಿಮಿಷದ ಕೆಲಸ! ಅವತ್ತಿನಿಂದ ನಾನು ಯಾವ ಕಟ್ಟಡಕ್ಕೆ ಹೋದರೂ ಮೊದಲು ಮೀಟರ್ ಎಲ್ಲೆಲ್ಲಿದೆ ಅಂತ ಕೇಳುತ್ತೇನೆ.

ನಿಯಮಗಳು ಕೇಳುವುದು ಏನು

ಊರಿಂದ ಊರಿಗೆ ಅಂಕಿ ಬೇರೆ ಇರುತ್ತದೆ, ಆದರೆ ತಿರುಳು ಬಹುತೇಕ ಒಂದೇ. ನೀರು ಅಳೆಯಿರಿ, ನಲ್ಲಿ ಮತ್ತು ಫ್ಲಶ್‌ಗೆ ಮಿತಿ ಇಡಿ, ತೋಟಕ್ಕೆ ಕುಡಿಯುವ ನೀರು ಸುರಿಯಬೇಡಿ, ಲೆಕ್ಕ ಬರೆದು ತೋರಿಸಿ. ಸಿಂಗಪುರದಲ್ಲಿ 2015ರಿಂದ ವರ್ಷಕ್ಕೆ 60,000 ಘನ ಮೀಟರ್ ಅಥವಾ ಅದಕ್ಕಿಂತ ಜಾಸ್ತಿ ನೀರು ಬಳಸುವವರು ಒಳಗೇ ಬೇರೆ ಬೇರೆ ಮೀಟರ್ ಹಾಕಿ, ನೀರಿನ ಯೋಜನೆ ಬರೆದು ಸಲ್ಲಿಸಬೇಕು. ಅಮೆರಿಕದ ನೆವಾಡಾ ರಾಜ್ಯ 2021ರಲ್ಲಿ ಇನ್ನೂ ಗಟ್ಟಿಯಾದ ಕಾನೂನು ತಂದಿತು. ಲಾಸ್ ವೇಗಸ್ ಭಾಗದ ವಾಣಿಜ್ಯ ಜಾಗಗಳಲ್ಲಿ, ಯಾರೂ ಕಾಲಿಡದೆ ಸುಮ್ನೆ ನೋಡಲಿಕ್ಕೆ ಬೆಳೆಸಿದ ಹುಲ್ಲಿಗೆ 2027ರಿಂದ ಕೊಲೊರಾಡೊ ನದಿಯ ನೀರು ಹಾಕುವಂತಿಲ್ಲ.

ನಿಮ್ಮ ಊರಿನ ನಿಯಮದ ಪ್ರತಿ ತಂದು ಒಮ್ಮೆ ಪೂರ್ತಿ ಓದಿ. ಪ್ಲಂಬರ್ ಹೇಳಿದ್ದನ್ನೋ ಅಂಗಡಿಯವರು ಹೇಳಿದ್ದನ್ನೋ ನಂಬಿ ಕೂರಬೇಡಿ.

ಅಳೆಯುವುದು

ಒಂದೇ ದೊಡ್ಡ ಮೀಟರ್ ಇದ್ದರೆ ಅದು ಒಟ್ಟು ಎಷ್ಟು ಅಂತ ಮಾತ್ರ ಹೇಳುತ್ತದೆ. ಕೂಲಿಂಗ್ ಟವರ್‌ಗೆ ಒಂದು, ತೋಟಕ್ಕೆ ಒಂದು, ಅಡುಗೆಮನೆ ಇದ್ದರೆ ಅದಕ್ಕೊಂದು, ಫ್ಲಶ್ ಲೈನಿಗೆ ಒಂದು, ಇಷ್ಟು ಸಬ್‌ಮೀಟರ್ ಹಾಕಿಸಿ. ಎಲ್ಲಾ ಒಟ್ಟಿಗೆ ಆಗದಿದ್ದರೆ ತೋಟ ಮತ್ತು ಕೂಲಿಂಗ್ ಟವರ್‌ನಿಂದ ಶುರು ಮಾಡಿ, ಅವೆರಡೇ ಸದ್ದಿಲ್ಲದೆ ಜಾಸ್ತಿ ಕುಡಿಯುವವು.

ಮೀಟರ್ ಬರುವ ತನಕ ಕಾಯಬೇಕಾಗಿಲ್ಲ. ರಜಾದಿನದ ಹಿಂದಿನ ರಾತ್ರಿ ಸಂಪು ತುಂಬಿಸಿ, ಒಳಬರುವ ವಾಲ್ವ್ ಮುಚ್ಚಿ, ತೋಟದ ಟೈಮರ್ ನಿಲ್ಲಿಸಿ, ಮೇಲಿನ ಟ್ಯಾಂಕ್ ತುಂಬಿದೆಯಾ ನೋಡಿಕೊಳ್ಳಿ. ಒಂದು ಉದ್ದ ಕೋಲನ್ನು ಸಂಪಿಗೆ ಇಳಿಸಿ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಗ್ಗೆ ಯಾರೂ ಬರುವ ಮುಂಚೆ ಮೇಲಿನ ಟ್ಯಾಂಕನ್ನು ಮತ್ತೆ ತುಂಬಿಸಿ, ಕೋಲು ಇಳಿಸಿ ನೋಡಿ. ಸಂಪು 4 ಮೀಟರ್ ಉದ್ದ, 3 ಮೀಟರ್ ಅಗಲ ಇದ್ದರೆ 1 ಸೆಂಟಿಮೀಟರ್ ಇಳಿತ ಅಂದರೆ 120 ಲೀಟರ್. ಮಟ್ಟ 5 ಸೆಂಟಿಮೀಟರ್ ಇಳಿದಿದ್ದರೆ, ಯಾರೂ ಇಲ್ಲದ ಕಟ್ಟಡದಿಂದ ಒಂದೇ ರಾತ್ರಿ 600 ಲೀಟರ್ ಹೋಗಿದೆ. ರಾತ್ರಿ ಪಾಳಿ ಇಲ್ಲ, ಏಸಿಯೂ ಓಡಿಲ್ಲ ಅಂದರೆ ಅದು ಸೋರಿಕೆಯೇ.

ಶೌಚಾಲಯ ಮತ್ತು ನಲ್ಲಿ

ಸೋರಿಕೆ ಹುಡುಕುವಾಗ ಕಮೋಡ್‌ನಿಂದ ಶುರು ಮಾಡಿ. ಫ್ಲಶ್ ಟ್ಯಾಂಕಿನ ಮುಚ್ಚಳ ತೆಗೆದು ನಾಲ್ಕು ಹನಿ ಬಣ್ಣ ಹಾಕಿ, 15 ನಿಮಿಷ ಯಾರೂ ಫ್ಲಶ್ ಮಾಡದ ಹಾಗೆ ನೋಡಿಕೊಳ್ಳಿ. ಬಣ್ಣ ಕೆಳಗಿನ ನೀರಿನಲ್ಲಿ ಕಾಣಿಸಿತಾ? ಹಾಗಾದರೆ ಟ್ಯಾಂಕಿನ ತಳದ ರಬ್ಬರ್ ಸವೆದಿದೆ. ಅದನ್ನು ಬೆರಳಲ್ಲಿ ಸವರಿದರೆ ಕಪ್ಪು ಮಸಿ ಅಂಟುತ್ತದೆ, ಅಂಚು ಮೆತ್ತಗಾಗಿರುತ್ತದೆ. ಬದಲಿಸಿ, ಅಷ್ಟೇ.

ಅಮೆರಿಕದ 1992ರ ಕಾನೂನು ಕಮೋಡ್‌ಗೆ ಒಂದು ಫ್ಲಶ್‌ಗೆ ಸುಮಾರು 6 ಲೀಟರ್ ಅಂತ ಮಿತಿ ಇಟ್ಟಿತು. ಈಗ 4.8 ಲೀಟರಿನವು ಧಾರಾಳವಾಗಿ ಸಿಗುತ್ತವೆ. ಕೈ ತೊಳೆಯುವ ನಲ್ಲಿಗೆ ನಿಮಿಷಕ್ಕೆ 2 ಲೀಟರ್ ಆಸುಪಾಸು ಸಾಕು. ನಿಮ್ಮದು ಎಷ್ಟು ಅಂತ ನೋಡಲು 1 ಲೀಟರ್ ಜಗ್ ಹಿಡಿದು ಸೆಕೆಂಡ್ ಎಣಿಸಿ. 10 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 6 ಲೀಟರ್, 30 ಸೆಕೆಂಡ್ ಹಿಡಿದರೆ 2 ಲೀಟರ್.

ಕೆಳಗಿನ ಮಹಡಿಗಳಲ್ಲಿ ನೀರು ರಭಸವಾಗಿ ಚಿಮ್ಮುತ್ತಿದ್ದರೆ ನಲ್ಲಿ ಬದಲಿಸುವ ಮುಂಚೆ ಒತ್ತಡ ನೋಡಿ. ಒತ್ತಡ ತಗ್ಗಿಸುವ ವಾಲ್ವ್ ಹಾಕಿ 4 ಬಾರ್ ಇದ್ದದ್ದನ್ನು 2ಕ್ಕೆ ಇಳಿಸಿದರೆ ಅದೇ ನಲ್ಲಿಯಿಂದ ಬರುವ ನೀರು ಸುಮಾರು 30% ಕಡಿಮೆ ಆಗುತ್ತದೆ, ಪೈಪಿನ ಜಾಯಿಂಟುಗಳಿಗೂ ಒಳ್ಳೆಯದು.

ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನೀರಿನ ಬಳಕೆ ಕಡಿಮೆ ಆದಾಗ ಪೈಪಿನಲ್ಲಿ ನೀರು ಹೆಚ್ಚು ಹೊತ್ತು ನಿಲ್ಲುತ್ತದೆ. 20ರಿಂದ 45 ಡಿಗ್ರಿ ಉಷ್ಣಾಂಶದಲ್ಲಿ ನಿಂತ ನೀರು, ನ್ಯುಮೋನಿಯಾ ತರುವ ಲೀಜನೆಲ್ಲಾ ಬ್ಯಾಕ್ಟೀರಿಯಾಗೆ ಹೇಳಿ ಮಾಡಿಸಿದ ಜಾಗ. ಯಾರೂ ಬಳಸದ ಮೂಲೆಯ ನಲ್ಲಿಗಳನ್ನು ವಾರಕ್ಕೊಮ್ಮೆ ಕೆಲವು ನಿಮಿಷ ಬಿಡಿ, ಬೇಡವಾದ ಪೈಪು ಕವಲುಗಳನ್ನು ತೆಗೆಸಿಬಿಡಿ. ಜನರ ಆರೋಗ್ಯ ಕೆಡಿಸಿ ಉಳಿಸಿದ ನೀರು ನಮಗೆ ಬೇಡ.

ಕೂಲಿಂಗ್ ಟವರ್

ಇಲ್ಲಿ ಸ್ವಲ್ಪ ಲೆಕ್ಕ ಇದೆ. ಟವರ್‌ನಲ್ಲಿ ನೀರು ಆವಿಯಾದಾಗ ಅದರ ಉಪ್ಪಿನಂಶ ಹಿಂದೆ ಉಳಿಯುತ್ತದೆ. ಅದು ಗಟ್ಟಿ ಆಗದಿರಲಿ ಅಂತ ಆಗಾಗ ಒಂದಷ್ಟು ನೀರು ಹೊರಬಿಡುತ್ತಾರೆ, ಇದೇ ಬ್ಲೋಡೌನ್. ತೊಟ್ಟಿಯ ನೀರಿನ ಉಪ್ಪು ಒಳಬರುವ ನೀರಿನ ಎಷ್ಟು ಪಟ್ಟು ಆಗುವ ತನಕ ತಡೆಯುತ್ತೀರಿ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. 100 ಲೀಟರ್ ಆವಿಯಾಗಿ ಹೋಗುತ್ತದೆ ಅಂತಿಟ್ಟುಕೊಳ್ಳಿ. 2 ಪಟ್ಟಿಗೇ ಹೊರಬಿಟ್ಟರೆ ಒಟ್ಟು 200 ಲೀಟರ್ ಬೇಕು. 3 ಪಟ್ಟಿಗೆ 150, 5 ಪಟ್ಟಿಗೆ 125, 10 ಪಟ್ಟಿಗೆ 111. ನೋಡಿ, 2ರಿಂದ 5ಕ್ಕೆ ಹೋದರೆ ಸಿಗುವ ಲಾಭ ದೊಡ್ಡದು, ಆಮೇಲೆ ಸಿಗುವುದು ಚೂರುಪಾರು. ಅಲ್ಲಿಂದ ಮುಂದೆ ಪೈಪಿನಲ್ಲಿ ಉಪ್ಪು ಕಟ್ಟುವ ಭಯವೇ ಜಾಸ್ತಿ. ಎಷ್ಟಕ್ಕೆ ನಿಲ್ಲಿಸಬೇಕು ಅಂತ ನಿಮ್ಮ ನೀರಿನ ಪರೀಕ್ಷೆ ನೋಡಿ ರಾಸಾಯನಿಕದವರ ಜೊತೆ ಕೂತು ತೀರ್ಮಾನಿಸಿ. ಕೈಯಿಂದ ವಾಲ್ವ್ ತಿರುಗಿಸುವ ಬದಲು ನೀರಿನ ವಾಹಕತೆ (ವಿದ್ಯುತ್ ಹರಿಸುವ ಗುಣ, ಉಪ್ಪು ಹೆಚ್ಚಿದಷ್ಟೂ ಇದೂ ಹೆಚ್ಚುತ್ತದೆ) ನೋಡಿ ತಾನೇ ತೆರೆಯುವ ಕಂಟ್ರೋಲರ್ ಹಾಕಿಸಿ.

ಏಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಖನಿಜ ಇರುವುದೇ ಇಲ್ಲ ಅನ್ನಬಹುದು. ಕುಡಿಯಲು ಬೇಡ. ಟವರ್‌ಗೆ ಮಾತ್ರ ಬಹಳ ಚೆನ್ನಾಗಿ ಒಗ್ಗುತ್ತದೆ.

ತೋಟ

ನನಗೆ ಅತಿ ಹೆಚ್ಚು ಬೇಜಾರಾಗುವುದು ಇಲ್ಲೇ, ಅತಿ ಹೆಚ್ಚು ಉಳಿಯುವುದೂ ಇಲ್ಲೇ. ಬಿಸಿಲಿನ ದಿನ 500 ಚದರ ಮೀಟರ್ ಹುಲ್ಲುಹಾಸಿಗೆ 5 ಮಿಲಿಮೀಟರ್ ನೀರು ಕೊಟ್ಟರೆ 2,500 ಲೀಟರ್ ಆಯಿತು, ಯಾಕೆಂದರೆ 1 ಚದರ ಮೀಟರ್ ಮೇಲೆ 1 ಮಿಲಿಮೀಟರ್ ಅಂದರೆ 1 ಲೀಟರ್. ಅದೇ ಜಾಗದಲ್ಲಿ ಕಡಿಮೆ ನೀರಿನ ಪೊದೆಗಿಡ ಇದ್ದರೆ ಅದರ ಅರ್ಧವೂ ಬೇಕಾಗುವುದಿಲ್ಲ. ಜನ ಕೂರುವ, ಮಕ್ಕಳು ಆಡುವ ಕಡೆ ಹುಲ್ಲು ಇರಲಿ. ಗೇಟಿನ ಪಕ್ಕದ ಕಿರಿದಾದ ಪಟ್ಟಿ, ಪಾರ್ಕಿಂಗ್ ನಡುವಿನ ತ್ರಿಕೋನ, ಇಳಿಜಾರು, ಇಲ್ಲೆಲ್ಲ ಹುಲ್ಲು ಯಾಕೆ ಹೇಳಿ? ಕಡಿಮೆ ನೀರಿನ ಈ ಬಗೆಯ ತೋಟಕ್ಕೆ 1981ರಲ್ಲಿ ಡೆನ್ವರ್‌ನ ನೀರು ಸರಬರಾಜು ಸಂಸ್ಥೆ ಝೆರಿಸ್ಕೇಪ್ ಅಂತ ಹೆಸರಿಟ್ಟಿತು. ಹಾಗಂತ ಬರೀ ಕಲ್ಲು ಹಾಸುವುದು ಅಂತ ಅರ್ಥ ಅಲ್ಲ, ಕಲ್ಲು ಕಾದು ಪಕ್ಕದ ಗಿಡಕ್ಕೂ ಬಿಸಿ ತಾಗುತ್ತದೆ.

ಗಿಡ ನೆಡುವಾಗ ಬಾಯಾರಿಕೆ ನೋಡಿ ಗುಂಪು ಮಾಡಿ. ಜಾಸ್ತಿ ನೀರು ಬೇಕಾದವು ಒಂದು ವಾಲ್ವ್‌ಗೆ, ಕಡಿಮೆ ಸಾಕಾದವು ಇನ್ನೊಂದಕ್ಕೆ. ಎರಡನ್ನೂ ಒಂದೇ ವಾಲ್ವ್‌ಗೆ ಸೇರಿಸಿದರೆ ಬಾಯಾರಿದ ಗಿಡಕ್ಕೆ ತಕ್ಕ ಹಾಗೆ ಬಿಟ್ಟ ನೀರಿಗೆ ಪಕ್ಕದ್ದರ ಬೇರು ಕೊಳೆಯುತ್ತದೆ.

ಪೊದೆ ಮತ್ತು ಮರಕ್ಕೆ ಡ್ರಿಪ್, ಅಗಲವಾದ ಹುಲ್ಲಿಗೆ ಮಾತ್ರ ಸ್ಪ್ರಿಂಕ್ಲರ್. ಸ್ಪ್ರಿಂಕ್ಲರ್ ಸರಿ ಇದೆಯಾ ಅಂತ ನೋಡಲು ಒಂದೇ ಅಳತೆಯ ಹನ್ನೆರಡು ಡಬ್ಬಿಗಳನ್ನು ಹುಲ್ಲಿನ ಮೇಲೆ ಅಲ್ಲಲ್ಲಿ ಇಟ್ಟು 15 ನಿಮಿಷ ನೀರು ಬಿಡಿ. ಒಂದು ಡಬ್ಬಿಯಲ್ಲಿ 9 ಮಿಲಿಮೀಟರ್, ಇನ್ನೊಂದರಲ್ಲಿ 3 ಇದ್ದರೆ, ಮಾಲಿ ಆ ಒಣ ಮೂಲೆಯನ್ನು ಹಸಿರು ಮಾಡಲು ಉಳಿದ ಕಡೆಗೆಲ್ಲ ಮೂರು ಪಟ್ಟು ಸುರಿಯುತ್ತಾನೆ, ಅವನ ತಪ್ಪೂ ಅಲ್ಲ. ವಾಲಿದ ಹೆಡ್ ನೆಟ್ಟಗೆ ಮಾಡಿ, ಕಸ ಕಟ್ಟಿದ ನಾಝಲ್ ಬಿಚ್ಚಿ ತೊಳೆಯಿರಿ. ನೀರು ಮಂಜಿನ ಹಾಗೆ ಹಾರುತ್ತಿದ್ದರೆ ಒತ್ತಡ ಜಾಸ್ತಿ ಇದೆ ಅಂತ ಅರ್ಥ.

ಜೇಡಿಮಣ್ಣು ಇದ್ದರೆ ಒಂದೇ ಸಲ 20 ನಿಮಿಷ ಬಿಡಬೇಡಿ. ಮಣ್ಣು ಅಷ್ಟು ಬೇಗ ಹೀರುವುದಿಲ್ಲ, ನೀರು ರಸ್ತೆಗೆ ಹರಿಯುತ್ತದೆ. 5 ನಿಮಿಷ ಬಿಟ್ಟು, ಅರ್ಧ ಗಂಟೆ ಇಂಗಲು ಬಿಟ್ಟು, ಮತ್ತೆ 5 ನಿಮಿಷ, ಹೀಗೆ ನಾಲ್ಕು ಸಲ. ಮಧ್ಯಾಹ್ನ ಬೇಡವೇ ಬೇಡ. ಕ್ಯಾಲಿಫೋರ್ನಿಯಾದ ಮಾದರಿ ನಿಯಮ ಸ್ಪ್ರಿಂಕ್ಲರ್ ಹೊತ್ತನ್ನು ರಾತ್ರಿ 8ರಿಂದ ಬೆಳಗ್ಗೆ 10ರ ಒಳಗೆ ಅಂತ ಕಟ್ಟಿಹಾಕಿದೆ, ಖಾಲಿ ಮಣ್ಣಿನ ಮೇಲೆ ಸುಮಾರು 7.5 ಸೆಂಟಿಮೀಟರ್ ಹೊದಿಕೆಯನ್ನೂ ಕೇಳುತ್ತದೆ. ತರಗೆಲೆ, ಮರದ ಚಕ್ಕೆ, ಏನಾದರೂ ಸರಿ. ಕಾಂಡಕ್ಕೆ ಮಾತ್ರ ತಾಗಿಸಬೇಡಿ, ಕೊಳೆಯುತ್ತದೆ.

ಮಳೆನೀರು, ಬಳಸಿದ ನೀರು

1,000 ಚದರ ಮೀಟರ್ ತಾರಸಿ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್. ಮೊದಲ ಕೊಳೆ ನೀರು ಹೊರಬಿಟ್ಟು, ಚೆಲ್ಲಿದ್ದು ಕಳೆದರೂ 8,000 ಲೀಟರಿನಷ್ಟು ಸಿಗುತ್ತದೆ. ಕೈ ತೊಳೆದ ನೀರನ್ನು ಶುದ್ಧ ಮಾಡದೆ 24 ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳಬೇಡಿ, ನಾರುತ್ತದೆ. ಅದನ್ನು ಸ್ಪ್ರಿಂಕ್ಲರ್‌ನಲ್ಲಿ ಚಿಮ್ಮಿಸಲೂಬೇಡಿ, ಮಣ್ಣಿನೊಳಗಿನ ಡ್ರಿಪ್‌ಗೆ ಬಿಡಿ. ಮರುಬಳಕೆಯ ಪೈಪು ಕುಡಿಯುವ ನೀರಿನ ಪೈಪಿಗೆ ಎಲ್ಲೂ ಸೇರಕೂಡದು. ಟ್ಯಾಂಕಿಗೆ ಕುಡಿಯುವ ನೀರು ಸೇರಿಸಬೇಕಾದರೆ ಮೇಲಿನಿಂದ ಗಾಳಿಯ ಅಂತರ ಬಿಟ್ಟು ಬೀಳಬೇಕು. ಹಲವು ದೇಶಗಳಲ್ಲಿ ಈ ಪೈಪಿಗೆ ನೇರಳೆ ಬಣ್ಣ ಬಳಿಯುತ್ತಾರೆ.

ಟೈಮರ್ ಪೆಟ್ಟಿಗೆ

ಹೊಸ ಗಿಡಕ್ಕೆ ಬೇರು ಬಿಡುವ ತನಕ ನೀರು ಜಾಸ್ತಿ ಬೇಕು. ಬೇರು ಹಿಡಿದ ಮೇಲೆ ಇಳಿಸಬೇಕು, ಮಳೆಗಾಲಕ್ಕೆ ಇನ್ನೂ ಇಳಿಸಬೇಕು, ಅಲ್ವಾ? ಆದರೆ ನೆಟ್ಟ ದಿನ ಇಟ್ಟ ಟೈಮರ್ ಮೂರು ವರ್ಷ ಆದರೂ ಹಾಗೇ ಓಡುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಮಳೆ ಸೆನ್ಸರ್ ಹಾಕಿಸಿ, ಅದರ ತಲೆ ಮೇಲೆ ಒಂದು ಮಗ್ ನೀರು ಸುರಿದು ಟೈಮರ್ ನಿಲ್ಲುತ್ತದಾ ಅಂತ ಪರೀಕ್ಷಿಸಿ. ಆಮೇಲೆ ಪೆಟ್ಟಿಗೆಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿ: ಯಾವ ವಾಲ್ವ್ ಯಾವ ಜಾಗಕ್ಕೆ, ಈಗ ಎಷ್ಟು ನಿಮಿಷ, ಕೊನೆಗೆ ಬದಲಿಸಿದ ತಾರೀಖು, ಮುಂದೆ ಬದಲಿಸಬೇಕಾದ ತಾರೀಖು. ಮಾಲಿಗೆ ಓದಲು ಬರುವ ಭಾಷೆಯಲ್ಲೇ ಬರೆಯಿರಿ, ಪೆನ್ಸಿಲ್‌ನಲ್ಲಿ.