ಹೊಸ ಲೈನರ್ ಹಾಕಿದ ಬೋಟ್ ಎಂಜಿನ್ನನ್ನು ಪಳಗಿಸುವ ಕ್ರಮ

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಕಾರವಾರದ ಬೈತಖೋಲ್ ಬಂದರಿನಲ್ಲಿ ಎಂಜಿನ್ ಬಿಚ್ಚಿ ಲೈನರ್ (ಸಿಲಿಂಡರಿನ ಒಳಗೋಡೆಯಾಗುವ ಕೊಳವೆ), ಪಿಸ್ಟನ್, ಅದರ ಸುತ್ತಲಿನ ರಿಂಗ್ ಬದಲಿಸಲು ಮಳೆಗಾಲವೇ ಅನುಕೂಲದ ಸಮಯ. ಆದರೆ ಕೆಲಸ ಮುಗಿದ ಬೋಟನ್ನು ಧಕ್ಕೆಗೆ ಕಟ್ಟಿ, ‘ರನ್ನಿಂಗ್ ಆಗಲಿ’ ಎಂದು ಗಂಟೆಗಟ್ಟಲೆ ಐಡಲ್‌ನಲ್ಲಿ, ಅಂದರೆ ಭಾರವಿಲ್ಲದೆ ನಿಧಾನವಾಗಿ, ಓಡಿಸುವುದರಿಂದ ಹೊಸ ಲೈನರ್ ಪಳಗುವುದಿಲ್ಲ, ಕೆಡುತ್ತದೆ.

ರಿಂಗನ್ನು ಲೈನರ್‌ಗೆ ಒತ್ತಿ ಹಿಡಿಯುವುದು ಅದರ ಸ್ಪ್ರಿಂಗ್ ಗುಣವೊಂದೇ ಅಲ್ಲ. ಉರಿದ ಅನಿಲವು ರಿಂಗಿನ ಹಿಂದಿನ ತೋಡಿನೊಳಗೆ ನುಗ್ಗಿ ಅದನ್ನು ಹೊರಕ್ಕೆ ತಳ್ಳುತ್ತದೆ. ಹೋನಿಂಗ್ ಮಾಡಿದ (ಸಾಣೆಕಲ್ಲಿನಿಂದ ಉಜ್ಜಿ ಗೆರೆ ಮೂಡಿಸಿದ) ಗೋಡೆಯ ಅಡ್ಡಗೆರೆಗಳ ಚೂಪು ತುದಿಗಳು ಸವೆದು ರಿಂಗ್ ಗೋಡೆಗೆ ಹೊಂದಿಕೊಂಡು ಕೂರಬೇಕಾದರೆ ಆ ಒತ್ತಡ ಬೇಕು. ಐಡಲ್‌ನಲ್ಲಿ ಒತ್ತಡ ಸಾಲದೆ, ಗೋಡೆಯ ಮೇಲೆ ಉಳಿದ ಆಯಿಲ್ ಬೆಂದು ಗಾಜಿನಂತಹ ಪದರವಾಗಿ ಗೆರೆಗಳನ್ನು ತುಂಬಿಬಿಡುತ್ತದೆ. ವಿಮಾನದ ಪಿಸ್ಟನ್ ಎಂಜಿನ್‌ಗೆ ಹೊಸ ಸಿಲಿಂಡರ್ ಹಾಕಿದಾಗಲೂ ಇದೇ ಕಾರಣಕ್ಕೆ ನೆಲದ ಮೇಲಿನ ಓಟವನ್ನು ಮೊಟಕುಗೊಳಿಸಿ, ಶೇಕಡಾ 65ರಿಂದ 75ರಷ್ಟು ಶಕ್ತಿಯಲ್ಲಿ ಹಾರಿಸುತ್ತಾರೆ.

ಬೋಟಿನಲ್ಲಿ ಇನ್ನೊಂದು ತೊಡಕಿದೆ. ಪ್ರೊಪೆಲ್ಲರ್ ಬೇಡುವ ಶಕ್ತಿಯು ಸುತ್ತಿನ ವೇಗದ ಸುಮಾರು ಮೂರನೆಯ ಘಾತದಂತೆ ಏರುವುದರಿಂದ, ಗರಿಷ್ಠ 1800 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಎಂಜಿನ್ 900ರಲ್ಲಿ ಓಡುವಾಗ ಅದರ ಮೇಲೆ ಬೀಳುವ ಭಾರ ಅರ್ಧವಲ್ಲ, ಎಂಟರಲ್ಲಿ ಒಂದು ಪಾಲು ಮಾತ್ರ. 1600ಕ್ಕೆ ಏರಿಸಿದಾಗ ಅದು ಸುಮಾರು ಶೇಕಡಾ 70 ಆಗುತ್ತದೆ. ‘ಅರ್ಧ ವೇಗದಲ್ಲಿ ಓಡಿಸಿದೆವು’ ಎಂಬ ತಾಂಡೇಲರ (ಬೋಟ್ ನಡೆಸುವವರ) ಸಮಾಧಾನಕ್ಕೆ ಹಾಗಾಗಿ ಅರ್ಥವಿಲ್ಲ.

ಎಂಜಿನ್ ಜುಲೈನಲ್ಲೇ ಸಿದ್ಧವಾದರೆ ಚಾಲೂ ಮಾಡದೆ, ಮಳೆನೀರು ಇಳಿಯದಂತೆ ಎಕ್ಸಾಸ್ಟ್ ಪೈಪಿನ ಬಾಯಿ ಮುಚ್ಚಿಡುವುದೇ ಲೇಸು. ಕಡಲಿಗಿಳಿಯುವ ದಿನ ಆಯಿಲ್ ಪ್ರೆಷರ್, ಸೋರಿಕೆ ಮತ್ತು ಸಮುದ್ರದ ನೀರಿನ ಪಂಪ್ ನೋಡಿಕೊಂಡು, ಎಂಜಿನ್ ಬಿಸಿಯಾದ ಕೂಡಲೇ ಹೊರಡಬೇಕು. ಬೈತಖೋಲ್‌ನಿಂದ ಕಾರವಾರದ ಎದುರಿನ ದೇವಗಡ ದ್ವೀಪದ ದೀಪಸ್ತಂಭದ ದಿಕ್ಕಿಗೆ ಹೋಗಿ ಬರುವಾಗ ಅರ್ಧದಿಂದ ಮುಕ್ಕಾಲು ಭಾರದ ನಡುವೆ ವೇಗವನ್ನು ಆಗಾಗ ಏರಿಳಿಸುತ್ತಿರಬೇಕು. ಒಂದೇ ವೇಗದಲ್ಲಿ ದೀರ್ಘಕಾಲ ನಿಲ್ಲಿಸಬಾರದು, ಪೂರ್ತಿ ಥ್ರಾಟಲ್‌ನಲ್ಲಿ ಹಿಡಿದಿಡಲೂಬಾರದು. ಮೊದಲ ದಿನ ಟ್ರಾಲ್ ಬಲೆ ಬಿಡದಿರುವುದು ಒಳ್ಳೆಯದು, ಏಕೆಂದರೆ ಬಲೆಯ ಎಳೆತಕ್ಕೆ ಆರ್‌ಪಿಎಂ ಕುಸಿದು, ಎಂಜಿನ್ ಏದುತ್ತ ಅತಿಯಾಗಿ ಕಾಯುತ್ತದೆ.

ಆಯಿಲ್ ಮಟ್ಟವನ್ನು ದಿನವೂ ಬರೆದಿಡಿ. ಕೈಪಿಡಿ ಬೇರೆ ಹೇಳದಿದ್ದರೆ ಸುಮಾರು 50 ಗಂಟೆಗೆ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ, ಹಳೆಯ ಫಿಲ್ಟರನ್ನು ಕೊಯ್ದು ನೋಡಿ: ನುಣ್ಣನೆಯ ಪುಡಿಯ ಮಿನುಗು ಸಹಜ, ಕೈಗೆ ಸಿಗುವ ಲೋಹದ ಚೂರು ಸಹಜವಲ್ಲ. ಆಯಿಲ್ ಖರ್ಚು ಇಳಿದು ಒಂದೇ ಮಟ್ಟದಲ್ಲಿ ನಿಂತರೆ ರಿಂಗ್ ಕೂತಿದೆ. ಅದರ ಬದಲು ಬ್ರೀದರ್‌ನಿಂದ (ಎಂಜಿನ್ನಿನೊಳಗಿನ ಗಾಳಿ ಹೊರಬಿಡುವ ಕೊಳವೆಯಿಂದ) ಹೊಗೆ, ಎಕ್ಸಾಸ್ಟ್‌ನಲ್ಲಿ ನೀಲಿ ಛಾಯೆ ಉಳಿದೇ ಇದ್ದರೆ ಗಾಜಿನ ಪದರ ಕಟ್ಟಿರುವ ಸಂಭವವಿದೆ. ಹಾಗಾಗಿದ್ದರೆ ಹೆಡ್ ಎತ್ತಿ, ಲೈನರ್ ಮತ್ತೆ ಹೋನಿಂಗ್ ಮಾಡಿ, ಹೊಸ ರಿಂಗ್ ಹಾಕಬೇಕಾಗುತ್ತದೆ, ಅದೂ ಮೀನಿನ ಹಂಗಾಮಿನ ನಡುವೆ.